ನೊರೆಗಿಂತ ಮೊದಲು ನೀರಿನ ಕಥೆ



ಪರಿಸರದ ಬಗ್ಗೆ ಸಾಕ್ಷ್ಯಚಿತ್ರ ಮಾಡುವುದು ಹೇಗೆ ಎಂದು ಮಾತಾಡಲು ಓಹಾಯೋದ ಈ ಕನ್ನಡ ಸಭೆಗೆ ಕರೆದಿದ್ದೀರಿ. ಕ್ಯಾಮೆರಾ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅದೀಗ ಎಲ್ಲರ ಜೇಬಿನಲ್ಲೂ ಇದೆ. ಅದನ್ನು ಹೊರತೆಗೆಯುವ ಮುಂಚೆ ಕಾಗದದ ಮೇಲೆ ಆಗಬೇಕಾದ ಕೆಲಸದ ಬಗ್ಗೆ ಹೇಳುತ್ತೇನೆ. ಕಚೇರಿ ಮುಗಿಸಿ ಬಂದು ರಾತ್ರಿಗಳಲ್ಲಿ ನಾನು ಬರೆಯುತ್ತಿರುವ ಬೆಳ್ಳಂದೂರು ಕೆರೆಯ ಚಿತ್ರವೇ ಉದಾಹರಣೆ.

ಬೆಳ್ಳಂದೂರು ಎಂದ ಕೂಡಲೇ ಕಣ್ಣಿಗೆ ಬರುವುದು ಎರಡು ದೃಶ್ಯ: ರಸ್ತೆಗೆ ಹಾರುವ ಬಿಳಿ ನೊರೆ, ನೀರಿನ ಮೇಲೆ ಉರಿಯುವ ಬೆಂಕಿ. 2015ರಲ್ಲಿ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಅಲ್ಲಿ ಬೆಂಕಿ ಹೊತ್ತಿತು. ವಾಟ್ಸಾಪ್‌ನಲ್ಲಿ ನೋಡಿದೆವು, ‘ಅಯ್ಯೋ, ನಮ್ಮ ಬೆಂಗಳೂರು’ ಎಂದೆವು, ಮುಂದಿನ ವಿಡಿಯೋಗೆ ಹೋದೆವು. ಆ ಎರಡು ದೃಶ್ಯಗಳನ್ನಷ್ಟೇ ನಂಬಿ ಚಿತ್ರ ಮಾಡಿದರೆ ನೋಡುವವರು ಮತ್ತೆ ಅದನ್ನೇ ಮಾಡುತ್ತಾರೆ.

ಆದ್ದರಿಂದ ಮೊದಲು ಬೇಕಾದದ್ದು ಒಂದು ಪ್ರಶ್ನೆ. ‘ಬೆಳ್ಳಂದೂರು ಕೆರೆಯ ಮಾಲಿನ್ಯ’ ಎನ್ನುವುದು ವಿಷಯ, ಪ್ರಶ್ನೆಯಲ್ಲ. ‘ಒಂದು ಮನೆಯಲ್ಲಿ ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತದೆ?’ ಎಂಬುದು ಪ್ರಶ್ನೆ. ಹೀಗೆ ಕೇಳಿದರೆ ಚಿತ್ರಕ್ಕೆ ದಾರಿ ತಾನಾಗಿ ಸಿಗುತ್ತದೆ: ಬಚ್ಚಲು, ಒಳಚರಂಡಿ, ರಾಜಕಾಲುವೆ, ಬೆಳ್ಳಂದೂರು ಕೆರೆ, ಅದರ ಕೋಡಿ, ವರ್ತೂರು ಕೆರೆ, ದಕ್ಷಿಣ ಪಿನಾಕಿನಿ, ಆಚೆಗೆ ತಮಿಳುನಾಡು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೂ ಹರಿಯುತ್ತಿದೆ. ಒಣಗಿದ್ದ ಕೆರೆ ತುಂಬಿತೆಂಬ ಸಮಾಧಾನ ಅಲ್ಲಿದೆ, ಬಂದದ್ದು ಎಂಥ ನೀರೋ ಎಂಬ ಅಳುಕೂ ಇದೆ. ಚಿತ್ರದಲ್ಲಿ ಎರಡಕ್ಕೂ ಜಾಗ ಇರಬೇಕು.

ಎರಡನೆಯದು ಕಾಲ. ನೊರೆ ಹೆಚ್ಚುವುದು ಜೋರು ಮಳೆಯಾದಾಗ. ತಳದ ಕೆಸರಿನಲ್ಲಿ ಕೂತ ಡಿಟರ್ಜೆಂಟ್ ಅಂಶ ಕದಡಿ ಮೇಲೇಳುತ್ತದೆ. ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಊರಿಗೆ ಹೋಗುವುದು ಡಿಸೆಂಬರ್ ರಜೆಯಲ್ಲಿ. ಮಳೆ ನಮ್ಮ ರಜೆಗೆ ಕಾಯುವುದಿಲ್ಲವಲ್ಲ! ಅದಕ್ಕೇ ನಾನು ಮೊದಲು ಬರೆದದ್ದು ಸ್ಕ್ರಿಪ್ಟ್ ಅಲ್ಲ, ಹನ್ನೆರಡು ತಿಂಗಳ ವೇಳಾಪಟ್ಟಿ. ಮಳೆಗಾಲದ ಚಿತ್ರೀಕರಣ ಅಲ್ಲೇ ಇರುವ ಇಬ್ಬರು ಯುವಕರದು. ಅವರ ಸಂಭಾವನೆ ಮೊದಲು, ನನ್ನ ವಿಮಾನದ ಟಿಕೆಟ್ ಆಮೇಲೆ ಎಂದು ಬಜೆಟ್ಟಿನಲ್ಲೇ ಬರೆದಿಟ್ಟಿದ್ದೇನೆ. ಎಚ್‌ಎಎಲ್ ವಿಮಾನ ನಿಲ್ದಾಣವೂ ಸೇನೆಯ ಜಾಗವೂ ಹತ್ತಿರವಿರುವುದರಿಂದ ಡ್ರೋನ್ ಆಸೆಯನ್ನು ಬಿಟ್ಟು, ಯಾವ ಮನೆಯ ತಾರಸಿಯಿಂದ ಕೆರೆ ಕಾಣುತ್ತದೆ ಎಂದು ಪಟ್ಟಿ ಮಾಡಿದ್ದೇವೆ.

ಮೂರನೆಯದು ಬರವಣಿಗೆ. ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಎಡಗಡೆ ಕಂಡದ್ದನ್ನೇ ಬಲಗಡೆ ಹೇಳಿದ್ದರೆ ಹೊಡೆದುಹಾಕಿ. ‘ಕೆರೆ ಸಾಯುತ್ತಿದೆ’ ಎಂಬ ಮಾತಿಗಿಂತ, ಮೂಗು ಮುಚ್ಚಿಕೊಂಡು ಬಸ್ಸಿಗೆ ಕಾಯುವ ಹುಡುಗಿ ಹೆಚ್ಚು ಹೇಳುತ್ತಾಳೆ. ಮಾತಾಡಿಸಬೇಕಾದವರ ಹೆಸರನ್ನೂ ಆಗಲೇ ಬರೆದುಕೊಳ್ಳಿ: ಹಿಂದೆ ಅಲ್ಲಿ ಮೀನು ಹಿಡಿಯುತ್ತಿದ್ದವರು, ದಂಡೆಯ ಹುಲ್ಲು ಕೊಯ್ದು ಹಸುವಿಗೆ ಹಾಕುವವರು, ಶುದ್ಧೀಕರಣ ಘಟಕದ ಎಂಜಿನಿಯರು, ಸುತ್ತಲಿನ ಫ್ಲಾಟ್ ಮಾಲೀಕರು.

ಈ ಕೊನೆಯವರಲ್ಲಿ ನಾವೂ ಇದ್ದೇವೆ. ಇಲ್ಲಿ ದುಡಿದ ಡಾಲರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಮನೆ ಕೊಂಡವರು ಈ ಸಭಾಂಗಣದಲ್ಲೇ ಹಲವರಿರಬಹುದು. ನನ್ನದೂ ಅಲ್ಲೊಂದು ಮನೆಯಿದೆ. ಹಾಗಾಗಿ ಚಿತ್ರದ ಮೊದಲ ಬಚ್ಚಲು ನನ್ನ ಮನೆಯದೇ. ದೂರದಲ್ಲಿ ಕೂತು ಊರಿನವರಿಗೆ ಬುದ್ಧಿ ಹೇಳುವ ಚಿತ್ರವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಕೊನೆಯದಾಗಿ ನಮ್ಮ ಈ ರಾಜ್ಯದ್ದೇ ಒಂದು ಪಾಠ. ಕ್ಲೀವ್‌ಲ್ಯಾಂಡಿನ ಕಯಹೋಗಾ ನದಿಗೆ 1969ರ ಜೂನ್ 22ರಂದು ಬೆಂಕಿ ಬಿತ್ತು. ಅರ್ಧ ಗಂಟೆಯಷ್ಟರಲ್ಲಿ ಆರಿಯೂ ಹೋಯಿತು. ಟೈಮ್ ಪತ್ರಿಕೆ ಆ ವರದಿಯೊಂದಿಗೆ ಅಚ್ಚು ಹಾಕಿದ ಫೋಟೋ 1952ರ ಬೆಂಕಿಯದು! ಆ ಸುದ್ದಿ ದೇಶವನ್ನು ಎಬ್ಬಿಸಿತು ನಿಜ. 1972ರಲ್ಲಿ ಶುದ್ಧ ನೀರಿನ ಕಾಯಿದೆ ಬರಲು ಅದೂ ಒಂದು ಪ್ರೇರಣೆಯಾಯಿತು. ಆದರೆ ನಾವು ಹಾಗೆ ಮಾಡುವಂತಿಲ್ಲ. ಬೆಳ್ಳಂದೂರಿನಲ್ಲಿ ಆಮೇಲೆ ಹೂಳು ತೆಗೆಯುವ ಕೆಲಸ ನಡೆದಿದೆ. ಹಳೆಯ ನೊರೆಯನ್ನು ಇವತ್ತಿನದೆಂದು ತೋರಿಸಿದರೆ, ಆ ಒಂದು ದೃಶ್ಯವನ್ನು ಹಿಡಿದು ಇಡೀ ಚಿತ್ರವೇ ಸುಳ್ಳು ಎನ್ನಲು ಯಾರಿಗೂ ಕಷ್ಟವಿಲ್ಲ. ಸ್ಕ್ರಿಪ್ಟಿನಲ್ಲಿ ಪ್ರತಿ ದೃಶ್ಯದ ಪಕ್ಕ ದಿನಾಂಕ, ಜಾಗ, ತೆಗೆದವರ ಹೆಸರು ಇರಲಿ. ಕೆಲಸ ಆಗಿದ್ದರೆ ಅದನ್ನೂ ತೋರಿಸಿ.

ಚಿತ್ರ ಮುಗಿದರೆ ಮೊದಲ ಪ್ರದರ್ಶನ ಬೆಳ್ಳಂದೂರಿನಲ್ಲಿ, ಇಲ್ಲಿ ಆಮೇಲೆ. ಇವತ್ತು ಊಟದ ವಿರಾಮದಲ್ಲಿ ನೀವೂ ಒಂದು ಕೆಲಸ ಮಾಡಿ: ಒಂದು ಹಾಳೆಯಲ್ಲಿ ನಿಮ್ಮೂರಿನ ಕೆರೆಯ, ಹೊಳೆಯ, ಬಾವಿಯ ಬಗ್ಗೆ ಒಂದೇ ಒಂದು ಪ್ರಶ್ನೆ ಬರೆಯಿರಿ. ಉತ್ತರ ಮೊದಲೇ ಗೊತ್ತಿದ್ದರೆ ಆ ಪ್ರಶ್ನೆ ಬಿಡಿ, ಬೇರೆಯದು ಬರೆಯಿರಿ.