ಹಳೇ ಕಂಪ್ಯೂಟರೂ ಹವ್ಯಾಸಿಯ ಸಿಎನ್‌ಸಿ ಯಂತ್ರವೂ

ನವಿ ಮುಂಬಯಿಯ ಸಾನಪಾಡಾದಲ್ಲಿ ಠಾಣೆ ಕಡೆಯ ಗಾಡಿ ಹತ್ತಿದರೆ ಮುಂದಿನ ಸ್ಟೇಷನ್ನೇ ತುರ್ಭೆ. ಅಲ್ಲಿಂದ ದಿಘಾದವರೆಗೆ ಹಬ್ಬಿಕೊಂಡಿರುವ ಟಿಟಿಸಿ ಕೈಗಾರಿಕಾ ಪ್ರದೇಶದ ಗಾಲಾ ಎಂಬ ಸಣ್ಣ ಮಳಿಗೆಗಳಲ್ಲಿ ಅಕ್ರಿಲಿಕ್, ಮರ, ಅಲ್ಯೂಮಿನಿಯಂ ಕೊರೆಯುವ, ಕಂಪ್ಯೂಟರಿನ ಆಣತಿಯಂತೆ ನಡೆಯುವ ಸಿಎನ್‌ಸಿ ಯಂತ್ರಗಳು ಓಡುತ್ತವೆ. ಅಂಥದೇ ಪುಟ್ಟ ಯಂತ್ರವನ್ನು ಮನೆಯ ಬಾಲ್ಕನಿಯಲ್ಲಿ ಕಟ್ಟಿಕೊಳ್ಳುವ ಹವ್ಯಾಸಿಗಳೂ ಈಗ ಉಂಟು. ಅವರೆಲ್ಲರ ಮೊದಲ ಪ್ರಶ್ನೆ ಒಂದೇ: ಇದಕ್ಕೆ ಎಂಥ ಕಂಪ್ಯೂಟರ್ ಬೇಕು, ಯಾವ ವಿಂಡೋಸ್ ಹಾಕಬೇಕು? ಇದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆ, ತೂತು ಕೊರೆದ ಕಾಗದದ ಪಟ್ಟಿಯ ಆಣತಿಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಮರುವರ್ಷ ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ ಹುಟ್ಟಿತು. 1962ರಲ್ಲಿ ಅಲ್ಲೇ ಯಂತ್ರೋಪಕರಣಗಳ ಸಿಎಂಟಿಐ ಸಂಶೋಧನಾ ಕೇಂದ್ರ ಬಂತು. ಆದರೆ ಯಂತ್ರವನ್ನು ತಾನೇ ನಡೆಸುವ ನಿಯಂತ್ರಕ ಬಹುಕಾಲ ದೊಡ್ಡ ಕಾರ್ಖಾನೆಗಳ ಸೊತ್ತಾಗಿಯೇ ಉಳಿಯಿತು.

ಹವ್ಯಾಸಿಗೆ ಬಾಗಿಲು ತೆರೆದದ್ದು 1981ರ ಐಬಿಎಂ ಪಿಸಿ, ಅದರಲ್ಲೂ ಪ್ರಿಂಟರಿಗೆಂದು ಕೊಟ್ಟ ಇಪ್ಪತ್ತೈದು ಪಿನ್ನಿನ ಪ್ಯಾರಲಲ್ ಪೋರ್ಟು. ಅದರ 2ರಿಂದ 9ನೇ ಪಿನ್ನಿನವರೆಗಿನ ಎಂಟು ತಂತಿಗಳನ್ನು ಪ್ರೋಗ್ರಾಮಿನಿಂದ ನೇರವಾಗಿ ಆನ್-ಆಫ್ ಮಾಡಬಹುದಿತ್ತು. ಒಂದು ತಂತಿ ಮೋಟಾರಿಗೆ 'ಒಂದು ಹೆಜ್ಜೆ ಇಡು' ಎನ್ನುತ್ತದೆ, ಇನ್ನೊಂದು 'ಯಾವ ದಿಕ್ಕಿಗೆ' ಎಂದು ಹೇಳುತ್ತದೆ. ಇಷ್ಟೇ ವ್ಯವಹಾರ.

ಈಗ ಸಣ್ಣ ಲೆಕ್ಕ. ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟಾರ್ ನಡೆಸುವ ಡ್ರೈವರ್ ಸರ್ಕ್ಯೂಟ್ ಪ್ರತಿ ಹೆಜ್ಜೆಯನ್ನು ಎಂಟಾಗಿ ಒಡೆದರೆ 1600. ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಯುವುದಾದರೆ ಮಿಲಿಮೀಟರಿಗೆ 320 ಹೆಜ್ಜೆ. ಉಳಿ ಸೆಕೆಂಡಿಗೆ 50 ಮಿಲಿಮೀಟರ್ ಓಡಬೇಕಾದರೆ ಹೆಜ್ಜೆಗೊಂದರಂತೆ 16,000 ಮಿಡಿತಗಳು, ಅಂದರೆ 62.5 ಮೈಕ್ರೋಸೆಕೆಂಡಿಗೊಂದು. ಮಿಡಿತ ತಡವಾದರೆ ಮೋಟಾರ್ ಹೆಜ್ಜೆ ತಪ್ಪುತ್ತದೆ, ಕೆಲಸದ ತುಂಡು ಹಾಳಾಗುತ್ತದೆ. ಎಷ್ಟೇ ಚುರುಕಾಗಿ ಬಾರಿಸಿದರೂ ತಾಳ ತಪ್ಪುವ ಚೆಂಡೆಯವನಿಂದ ಯಕ್ಷಗಾನ ನಡೆಯುವುದಿಲ್ಲವಲ್ಲ, ಹಾಗೆಯೇ ಇದೂ.

ಡಾಸ್ ಕಾಲದಲ್ಲಿ ಈ ತೊಡಕು ಕಡಿಮೆಯಿತ್ತು. ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ. ನಡುವೆ ಬಾಯಿ ಹಾಕುವವರಿಲ್ಲ. ವಿಂಡೋಸ್ ಬಂದ ಮೇಲೆ ಕಂಪ್ಯೂಟರಿಗೆ ನೂರೆಂಟು ಕೆಲಸ. ಇದಕ್ಕೆ ಎರಡು ಪರಿಹಾರ ಹೊರಟವು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 1990ರ ದಶಕದಲ್ಲಿ ಬರೆದ ಇಎಂಸಿ ತಂತ್ರಾಂಶ, ಸಮಯಪಾಲನೆಗೆಂದೇ ತಿದ್ದಿದ ಲಿನಕ್ಸ್ ಮೇಲೆ ಬೆಳೆದು ಇಂದಿನ ಲಿನಕ್ಸ್‌ಸಿಎನ್‌ಸಿ ಆಯಿತು. ಕೆನಡಾದ ಆರ್ಟ್ ಫೆನರ್ಟಿ ವಿಂಡೋಸಿಗಾಗಿ ಮಾಕ್ ಸರಣಿಯನ್ನು ತಂದರು. ಮಾಕ್3 ಕೇಳಿದ್ದು 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ರ್‍ಯಾಮ್ ಅಷ್ಟೆ. ಆದರೆ ಅದರ ಪ್ಯಾರಲಲ್ ಪೋರ್ಟ್ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ನಡೆಯುವುದೇ ಇಲ್ಲ. ವಿದ್ಯುತ್ ಉಳಿಸಲು ಆಗಾಗ ತೂಕಡಿಸುವ ಲ್ಯಾಪ್‌ಟಾಪೂ ಅದಕ್ಕೆ ಆಗಿಬರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಪ್ರಿಂಟರ್ ಅಡಾಪ್ಟರೂ ಉಪಯೋಗಕ್ಕಿಲ್ಲ. ಮೈಕ್ರೋಸಾಫ್ಟ್ 2014ರಲ್ಲಿ ಕೈಬಿಟ್ಟ ವಿಂಡೋಸ್ ಎಕ್ಸ್‌ಪಿಯನ್ನು ಅನೇಕ ಯಂತ್ರದವರು ಕೈಬಿಡದಿರಲು ಇದೂ ಒಂದು ಕಾರಣ.

ಮೂರನೆಯ ದಾರಿ ಬಂದದ್ದು 2009ರಲ್ಲಿ. ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸ್ರುಡ್ ಬರೆದ ಗರ್ಬಲ್ ತಂತ್ರಾಂಶ, ಮಿಡಿತದ ಹೊಣೆಯನ್ನು ಪಿಸಿಯಿಂದ ಕಿತ್ತು ಆರ್ಡುಯಿನೋ ಎಂಬ ಪುಟ್ಟ ಬೋರ್ಡಿಗೆ ವಹಿಸಿತು. ಬರೇ 16 ಮೆಗಾಹರ್ಟ್ಸ್, 32 ಕಿಲೋಬೈಟ್ ಜಾಗದ ಆರ್ಡುಯಿನೋ ಊನೋ ಚಿಪ್ ಸೆಕೆಂಡಿಗೆ 30,000 ಮಿಡಿತ ಕೊಡಬಲ್ಲದು, ಏಕೆಂದರೆ ಅದಕ್ಕೆ ಬೇರೆ ಕೆಲಸವಿಲ್ಲ. ಪಿಸಿ ಯುಎಸ್‌ಬಿ ಮೂಲಕ ಜಿ-ಕೋಡ್ ಎಂಬ ಆಜ್ಞೆಯ ಸಾಲುಗಳನ್ನು ಒದಗಿಸುತ್ತಿದ್ದರೆ ಸಾಕು. ಲ್ಯಾಪ್‌ಟಾಪೂ ಸರಿ, ವಿಂಡೋಸ್ 11 ಕೂಡ ಸರಿ. ಸ್ಲೀಪ್ ಸೆಟ್ಟಿಂಗ್ ಮಾತ್ರ ಆಫ್ ಮಾಡಿಡಿ, ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಂತೀತು.

ಹಾಗಾದರೆ ಇಂದು ಏನು ಮಾಡಬೇಕು? ಹೊಸದಾಗಿ ಶುರುಮಾಡುವವರಿಗೆ ಗರ್ಬಲ್ ಬೋರ್ಡೇ ಸುಲಭ. ಪ್ಯಾರಲಲ್ ಪೋರ್ಟ್ ಇರುವ ಹಳೆಯ ಡೆಸ್ಕ್‌ಟಾಪ್ ಮನೆಯಲ್ಲಿದ್ದರೆ ಗುಜರಿಯವನಿಗೆ ಕೊಡುವ ಮುಂಚೆ ಲಿನಕ್ಸ್‌ಸಿಎನ್‌ಸಿ ಹಾಕಿ, ಅದರಲ್ಲಿರುವ, ಮಿಡಿತದ ತಡವನ್ನು ಅಳೆಯುವ ಲೇಟೆನ್ಸಿ ಟೆಸ್ಟ್ ನಡೆಸಿ. ಟೆಸ್ಟ್ ಓಡುತ್ತಿರುವಾಗಲೇ ವಿಡಿಯೋ ಹಚ್ಚಿ, ಫೈಲುಗಳನ್ನು ನಕಲು ಮಾಡಿ, ಕಿಟಕಿಗಳನ್ನು ಅತ್ತಿತ್ತ ಎಳೆದಾಡಿ. ತಡ 20 ಮೈಕ್ರೋಸೆಕೆಂಡಿನೊಳಗಿದ್ದರೆ ಬಹಳ ಒಳ್ಳೆಯದು, 50ರವರೆಗೂ ನಡೆದೀತು, ನೂರು ದಾಟಿದರೆ ಆ ಪೆಟ್ಟಿಗೆಯಿಂದ ನೇರವಾಗಿ ಮೋಟಾರ್ ನಡೆಸುವ ಆಸೆ ಬಿಡಿ. ಹಳೆಯ ಎಕ್ಸ್‌ಪಿ ಯಂತ್ರ ನೆಟ್ಟಗೆ ಓಡುತ್ತಿದ್ದರೆ ಅದನ್ನು ಮುಟ್ಟಬೇಡಿ, ಇಂಟರ್ನೆಟ್ಟಿಗೂ ಜೋಡಿಸಬೇಡಿ.

ಕೊನೆಗೊಂದು ಮಾತು. ವ್ಯವಸ್ಥೆ ಯಾವುದೇ ಇರಲಿ, ಕಂಪ್ಯೂಟರ್ ಒಂದಲ್ಲ ಒಂದು ದಿನ ಸ್ತಬ್ಧವಾಗುವುದು ಖಂಡಿತ. ಆದ್ದರಿಂದ ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ಸಾಫ್ಟ್‌ವೇರಿನ ಭರವಸೆಗೆ ಬಿಡದೆ, ಮೋಟಾರುಗಳ ಮತ್ತು ಉಳಿ ತಿರುಗಿಸುವ ಸ್ಪಿಂಡಲ್ಲಿನ ವಿದ್ಯುತ್ತನ್ನೇ ಕಡಿಯುವಂತೆ ಬಲ್ಲವರಿಂದ ಜೋಡಿಸಿಕೊಳ್ಳಿ.