ಕೊರಿಯಾದ ಬಾವುಟ, ಅಮೆರಿಕದ ರೈಲು

(ಹಳೆಯ ರೈಲ್ವೆ ಲಾಂಛನಗಳನ್ನು ಕುರಿತು ಆಡಿದ ಮಾತಿನ ಲಿಖಿತ ರೂಪ)



1893ರ ಷಿಕಾಗೋ ಎಂದರೆ ನಮಗೆಲ್ಲ ತಟ್ಟನೆ ನೆನಪಾಗುವುದು ವಿವೇಕಾನಂದರು. ಅವರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಅಲ್ಲಿನ ದೊಡ್ಡದೊಂದು ವಿಶ್ವಮೇಳದ ಅಂಗವಾಗಿ ನಡೆದದ್ದು. ಅದೇ ಮೇಳದಲ್ಲಿ ಎಡ್ವಿನ್ ಮೆಕ್‌ಹೆನ್ರಿ ಎಂಬ ರೈಲ್ವೆ ಎಂಜಿನಿಯರ್ ಒಂದು ಬಾವುಟ ನೋಡಿದರು. ಅದು ಕೊರಿಯಾದ್ದು. ನಡುವೆ ಒಂದು ವೃತ್ತ. ವೃತ್ತದೊಳಗೆ ಒಂದನ್ನೊಂದು ಅಪ್ಪಿ ಮಲಗಿದ ಎರಡು ಮೀನಿನಂತಹ ಆಕಾರ, ಒಂದು ಕೆಂಪು, ಒಂದು ನೀಲಿ.

ಮೆಕ್‌ಹೆನ್ರಿ ಕೆಲಸ ಮಾಡುತ್ತಿದ್ದುದು ನಾರ್ದರ್ನ್ ಪೆಸಿಫಿಕ್ ಕಂಪೆನಿಯಲ್ಲಿ. ಅಮೆರಿಕದ ಉತ್ತರ ಭಾಗದಲ್ಲಿ ಪಶ್ಚಿಮ ಕಡಲ ತನಕ ಹಳಿ ಹಾಕಿ 1883ರಲ್ಲಿ ಮುಗಿಸಿದ್ದ ಕಂಪೆನಿ ಅದು. ಮೇಳ ನಡೆದ ವರ್ಷವೇ ದಿವಾಳಿಯೆದ್ದಿತ್ತು. ಕೈಯಲ್ಲಿ ಕಾಸಿಲ್ಲದಾಗಲೇ ಮುಖಕ್ಕೆ ಚೆಂದದ ಬೊಟ್ಟು ಬೇಕೆನಿಸುತ್ತದೆಯೋ ಏನೋ! ಲಾಂಛನಕ್ಕಾಗಿ ಹುಡುಕುತ್ತಿದ್ದ ಕಂಪೆನಿ ಆ ವೃತ್ತವನ್ನೇ ಆರಿಸಿಕೊಂಡಿತು. ನೀಲಿ ಹೋಗಿ ಕಪ್ಪು ಬಂತು, ಸುತ್ತ ಕಂಪೆನಿಯ ಹೆಸರು ಬಂತು. ‘ಮೊನಾಡ್’ ಎಂದು ಕರೆದರು. ಸರಕಿನ ಗಾಡಿಯಿಂದ ಊಟದ ಬೋಗಿಯ ತಟ್ಟೆಯವರೆಗೆ ಅದೇ ಗುರುತು.

ಹಾಗಾದರೆ ಇದು ಸ್ವಂತದ್ದೋ, ಎರವಲೋ? ಕೊರಿಯಾ ಕೂಡ ಇದನ್ನು ಹೊಸದಾಗಿ ಕಲ್ಪಿಸಿದ್ದಲ್ಲ. ಚೀನಾದ ಯಿನ್-ಯಾಂಗ್ ತತ್ವ, ಅಂದರೆ ಬೆಳಕು-ನೆರಳು, ಗಂಡು-ಹೆಣ್ಣು ಎಂಬ ಜೋಡಿಗಳು ಒಂದರಿಂದೊಂದು ಬದುಕುತ್ತವೆ ಎನ್ನುವ ವಿಚಾರ, ಶತಮಾನಗಳಷ್ಟು ಹಳೆಯದು. ಪೆನ್ಸಿಲ್ವೇನಿಯಾ ರೈಲ್ವೆ ಕಮಾನಿನ ನೆತ್ತಿಯಲ್ಲಿ ಕೂರಿಸುವ ಬೆಣೆಗಲ್ಲಿನ ಆಕಾರ ಬಳಸಿತು. ಅದೂ ಆ ರಾಜ್ಯಕ್ಕೆ ಮೊದಲೇ ಇದ್ದ ಅಡ್ಡಹೆಸರಿನಿಂದ ಬಂದದ್ದು. ಶೂನ್ಯದಿಂದ ಹುಟ್ಟಿದ ಲಾಂಛನ ನನಗಂತೂ ಕಂಡಿಲ್ಲ. ದೂರದಿಂದ ಓಡುವ ಗಾಡಿಯ ಮೇಲೆ ಒಂದೇ ನೋಟಕ್ಕೆ ಗುರುತು ಸಿಗಬೇಕು. ಅದಕ್ಕೆ ಯಾವುದು ಒಗ್ಗುತ್ತದೆಂದು ಕಂಡುಕೊಂಡ ಕಣ್ಣು ಮಾತ್ರ ಮೆಕ್‌ಹೆನ್ರಿಯವರ ಸ್ವಂತದ್ದು. ಚಿಹ್ನೆಯ ಮೂಲ ಪೂರ್ವದೇಶ ಎಂಬುದನ್ನು ಕಂಪೆನಿ ಮುಚ್ಚಿಡಲೂ ಇಲ್ಲ. ತನ್ನದೇ ಪುಸ್ತಿಕೆಯಲ್ಲಿ ಹೇಳಿಕೊಂಡಿತು. ಆದ್ದರಿಂದ ಕಳವು ಎನ್ನಲಾರೆ.

ನನ್ನನ್ನು ಕಾಡುವುದು ಬೇರೆ. ಈ ಹಳಿಗಳನ್ನು ಹಾಕಿದವರಲ್ಲಿ ಸಾವಿರಾರು ಮಂದಿ ಚೀನೀ ಕೂಲಿಗಳು. 1882ರಲ್ಲಿ, ಕೆಲಸ ಮುಗಿಯುವ ಮುನ್ನವೇ, ಚೀನೀ ಕಾರ್ಮಿಕರು ದೇಶದೊಳಗೆ ಬರದಂತೆ ಅಮೆರಿಕ ಕಾನೂನು ಮಾಡಿತು. ನಾರ್ದರ್ನ್ ಪೆಸಿಫಿಕ್ ಪಶ್ಚಿಮದ ಕೊನೆಯ ನಿಲ್ದಾಣವಾಗಿ ಆರಿಸಿಕೊಂಡಿದ್ದ ಊರು ಟಕೋಮಾ. 1885ರ ನವೆಂಬರ್ 3ರಂದು ಅಲ್ಲಿನ ಗುಂಪು ಚೀನೀಯರ ಮನೆಬಾಗಿಲು ಬಡಿದು, ಸುಮಾರು 200 ಜನರನ್ನು ಮಳೆಯಲ್ಲಿ ನಡೆಸಿಕೊಂಡು ಹೋಗಿ ಲೇಕ್‌ವ್ಯೂ ಎಂಬ ಸ್ಟೇಷನ್ನಿನಲ್ಲಿ ಬಿಟ್ಟಿತು. ಅಲ್ಲಿಂದ ಅವರು ಪೋರ್ಟ್‌ಲ್ಯಾಂಡಿನ ದಾರಿ ಹಿಡಿದರು. ಆ ಸ್ಟೇಷನ್ ಇದ್ದದ್ದು ಇದೇ ಕಂಪೆನಿಯ ಹಳಿಯ ಮೇಲೆ. ಹಿಂದೆ ಉಳಿದ ಮನೆಗಳಿಗೆ ಬೆಂಕಿ ಬಿತ್ತು.

ಎಂಟು ವರ್ಷಗಳ ನಂತರ ಚೀನಾದ ಚಿತ್ರ ಅದೇ ಹಳಿಯ ಮೇಲೆ ಗೌರವದಿಂದ ಓಡಾಡತೊಡಗಿತು. ಆ ಕಾನೂನು ರದ್ದಾದದ್ದು 1943ರಲ್ಲಿ. ಮೊನಾಡ್ ಅದಕ್ಕಿಂತಲೂ ಹೆಚ್ಚು ಕಾಲ ಬಾಳಿತು. 1970ರಲ್ಲಿ ಕಂಪೆನಿ ಬೇರೆ ರೈಲ್ವೆಗಳ ಜೊತೆ ಸೇರಿ ಬರ್ಲಿಂಗ್ಟನ್ ನಾರ್ದರ್ನ್ ಆದಾಗ ಬೋಗಿಗಳಿಗೆ ಹೊಸ ಬಣ್ಣ ಬಳಿದರು.