ಶೋಕತಪ್ತರ ಬಳಿ ಶ್ರಾವಕನ ಕರ್ತವ್ಯ

(ಯಡಿಯೂರಿನ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ನಾನು ಪಂಡಿತನಲ್ಲ, ಮೆಟ್ರಿಕ್ ಓದಿದ ವ್ಯಾಪಾರಿ. ಪ್ರತಿಷ್ಠೆಯ ಈ ಮಂಗಳ ಸಂದರ್ಭದಲ್ಲಿ ಸಾವಿನ ಮನೆಯ ಮಾತೇಕೆಂದು ತಾವು ಕೇಳಬಹುದು. ಪಂಚಕಲ್ಯಾಣಗಳಲ್ಲಿ ಕೊನೆಯದು ಮೋಕ್ಷಕಲ್ಯಾಣ. ಭಗವಂತನ ದೇಹತ್ಯಾಗವನ್ನು ಉತ್ಸವವಾಗಿ ಆಚರಿಸುವ ನಾವು, ಮಗನನ್ನು ಕಳೆದುಕೊಂಡ ನೆರೆಮನೆಯ ತಾಯಿಯೂ ಅಂತೆಯೇ ಸಮಚಿತ್ತಳಾಗಿರಬೇಕೆಂದು ಬಯಸುತ್ತೇವೆ. "ಅಳಬೇಡಿ, ಅದು ಆರ್ತಧ್ಯಾನ, ಕರ್ಮಬಂಧವಾಗುತ್ತದೆ" ಎನ್ನುತ್ತೇವೆ.

ಮಾತು ಶಾಸ್ತ್ರಸಮ್ಮತವೇ. ಆದರೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು, ತಾನು ಶೋಕಿಸುವುದಷ್ಟೇ ಅಲ್ಲ, ಪರರಲ್ಲಿ ಶೋಕವನ್ನುಂಟುಮಾಡುವುದೂ ಅಸಾತಾವೇದನೀಯ ಕರ್ಮಕ್ಕೆ ಕಾರಣವೆಂದಿದ್ದಾರೆ. ಮುಂದಿನ ಸೂತ್ರದಲ್ಲಿಯೇ ಜೀವಾನುಕಂಪೆಯನ್ನು ಸಾತಾವೇದನೀಯದ ಕಾರಣಗಳಲ್ಲಿ ಮೊದಲು ಹೇಳಿದ್ದಾರೆ. ಅರ್ಧವನ್ನು ದುಃಖಿಗೆ ಬೋಧಿಸಿ, ಉಳಿದರ್ಧವನ್ನು ನಾವು ಮರೆಯುವುದು ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿದಂತೆ.

ರವಿಷೇಣಾಚಾರ್ಯರ ಪದ್ಮಪುರಾಣದ ಪ್ರಸಂಗವೊಂದು ತಮಗೆ ತಿಳಿದಿದೆ. ತದ್ಭವಮೋಕ್ಷಗಾಮಿಯಾದ ಶ್ರೀರಾಮನೇ ಲಕ್ಷ್ಮಣನ ಮರಣವನ್ನು ನಂಬಲಾರದೆ, ಆ ಶರೀರವನ್ನು ಹೆಗಲ ಮೇಲೆ ಹೊತ್ತು ಆರು ತಿಂಗಳು ತಿರುಗಿದನು. ಆಪ್ತರ ಉಪದೇಶ ಫಲಿಸಲಿಲ್ಲ. ಪೂರ್ವದ ಜಟಾಯುವೂ ಸೇನಾಪತಿ ಕೃತಾಂತವಕ್ತ್ರನೂ ದೇವರಾಗಿ ಹುಟ್ಟಿದ್ದವರು, ಇಳಿದು ಬಂದರು. ಒಬ್ಬನು ಒಣಮರಕ್ಕೆ ನೀರೆರೆದನು. ಇನ್ನೊಬ್ಬನು ತಾನೂ ಒಂದು ಶವವನ್ನು ಹೊತ್ತು ರಾಮನೆದುರು ನಡೆದನು. ಪ್ರಶ್ನೆ ರಾಮನ ಬಾಯಿಂದಲೇ ಬಂದಿತು. ಅರಿವೂ ಅವನಲ್ಲಿಯೇ ಮೂಡಿತು. ಶೋಕಿಯ ಭಾರವನ್ನು ತನ್ನ ಹೆಗಲಿಗೂ ಏರಿಸಿಕೊಂಡವನ ಮಾತು ಮಾತ್ರ ಒಳಗಿಳಿಯುತ್ತದೆಂದು ನಾನು ಇದರಿಂದ ತಿಳಿದಿದ್ದೇನೆ.

ನಮ್ಮ ಬಡಾವಣೆಗಳ ರೂಢಿ ನೋಡಿರಿ. ಸೂತಕದ ದಿನಗಳಲ್ಲಿ ಮನೆಯ ಮುಂದೆ ಚಪ್ಪಲಿಗಳ ರಾಶಿ. ಶುದ್ಧಿಯಾದ ಮರುದಿನದಿಂದ ಬಾಗಿಲು ತಟ್ಟುವವರಿಲ್ಲ. ಬ್ಯಾಂಕಿನ ಕಾಗದಗಳು, ಬಾಕಿ ವಸೂಲಿ, ಮಕ್ಕಳ ಶಾಲೆಯ ಶುಲ್ಕ, ಇವೆಲ್ಲ ಎದುರಾಗುವುದು ಆ ನಂತರವೇ. ಸಂಜೆಯ ಹೊತ್ತು ಖಾಲಿಯಾದ ಕುರ್ಚಿ ಕಣ್ಣಿಗೆ ಬೀಳುವುದೂ ಆಗಲೇ.

ಆದುದರಿಂದ ನನ್ನ ವಿನಂತಿ ಇಷ್ಟು. ಎರಡನೆಯ ತಿಂಗಳೂ ಹೋಗಿ. ಹೊತ್ತು ಮುಳುಗುವ ಮುನ್ನ ಊಟ ಒಯ್ಯಿರಿ. ಅಗಲಿದವರ ಹೆಸರನ್ನು ಮರೆಮಾಡದೆ ಹೇಳಿರಿ. ಅವರು ಅತ್ತರೆ ತಡೆಯಬೇಡಿ, ಸುಮ್ಮನೆ ಕುಳಿತಿರಿ. ಬಸದಿಗೆ ಬರುವಾಗ ಜೊತೆಯಲ್ಲಿ ಕರೆತನ್ನಿರಿ. ತಿಂಗಳುಗಳು ಕಳೆದರೂ ಅನ್ನ ನಿದ್ರೆಗಳು ಸೇರದಿದ್ದರೆ ವೈದ್ಯರಲ್ಲಿಗೂ ಜೊತೆಗೂಡಿ ಹೋಗಿರಿ. ನಿಮ್ಹಾನ್ಸ್ ನಮಗೆ ದೂರವಿಲ್ಲ, ಅದರಲ್ಲಿ ನಾಚಿಕೆಯೂ ಇಲ್ಲ. ಅನಿತ್ಯಾನುಪ್ರೇಕ್ಷೆಯನ್ನು ಅವರೇ ಕೇಳಿದ ದಿನ ಹೇಳೋಣ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಕುಸಿದವನನ್ನು ಎತ್ತಲು ಮೊದಲು ಅವನ ಪಕ್ಕದಲ್ಲಿ ನಿಲ್ಲಬೇಕು. ಬಿಂಬ ಪ್ರತಿಷ್ಠೆಯಾದ ಈ ಊರಿನಲ್ಲಿ ಯಾರೂ ಒಂಟಿಯಾಗಿ ಅಳದಿರಲಿ.

ಜೈ ಜಿನೇಂದ್ರ.